ಡಿಶ್ ಹಾಕಿಸೋದಾ, ಕೇಬಲ್ ಎಳೆಸೋದಾ? ಮೊದಲು ಮಾಳಿಗೆ ಹತ್ತಿ ನೋಡಿ

ಮನೆ ಬದಲಾಯಿಸಿದಾಗ, ಹೊಸ ಟಿವಿ ತಂದಾಗ, ಇಲ್ಲವೇ ಈಗಿರುವ ಕನೆಕ್ಷನ್ ಸಾಕಾದಾಗ ಈ ಪ್ರಶ್ನೆ ಬಂದೇ ಬರುತ್ತದೆ. ಹೆಚ್ಚಿನವರು ಪಕ್ಕದ ಮನೆಯವರನ್ನು ಕೇಳುತ್ತಾರೆ. ಇನ್ನು ಕೆಲವರು ಜಾಹೀರಾತಿನಲ್ಲಿ ತಿಂಗಳಿಗೆ ಎಷ್ಟು ಎಂದು ನೋಡಿ ತೀರ್ಮಾನಿಸುತ್ತಾರೆ. ಹಣದ ಲೆಕ್ಕ ಆಮೇಲೆ ಮಾಡಿದರೂ ನಡೆಯುತ್ತದೆ. ನಿಮ್ಮ ಮಾಳಿಗೆಯಿಂದ ಆಕಾಶ ಎಷ್ಟು ಕಾಣುತ್ತದೆ, ನಿಮ್ಮ ಓಣಿಯ ಕೇಬಲ್ ತಂತಿ ಯಾವ ಸ್ಥಿತಿಯಲ್ಲಿದೆ ಅನ್ನೋದು ಮೊದಲು ಗೊತ್ತಾಗಬೇಕು. ಬೆಳಗಾವಿಯ ಟಿಳಕವಾಡಿಯಲ್ಲಿ ಸರಿಹೋದದ್ದು ಇಂಡಿ ಕಡೆಯ ಹೊಲದ ಮನೆಗೆ ಸರಿಹೋಗಬೇಕೆಂದಿಲ್ಲ.

ಮೊದಲು ಒಂದು ಪಟ್ಟಿ

ಮನೆಯವರೆಲ್ಲ ನಿಜವಾಗಿ ನೋಡುವ ಚಾನೆಲ್‌ಗಳನ್ನು ಒಂದು ಹಾಳೆಯಲ್ಲಿ ಬರೆಯಿರಿ. ಇನ್ನೂರು, ಮುನ್ನೂರು ಚಾನೆಲ್ ಅಂತ ಪ್ಯಾಕ್ ಮಾರಿದರೂ ಮನೆಯಲ್ಲಿ ನೋಡುವುದು ಹತ್ತೋ ಹದಿನೈದೋ. ಅಜ್ಜಿಯ ಸೀರಿಯಲ್, ಮಕ್ಕಳ ಕಾರ್ಟೂನ್, ಕ್ರಿಕೆಟ್, ಸುದ್ದಿ, ಒಂದೆರಡು ಸಿನಿಮಾ ಚಾನೆಲ್, ಅಷ್ಟೇ ಅಲ್ವಾ?

ಬೆಳಗಾವಿ, ನಿಪ್ಪಾಣಿ, ಅಥಣಿ ಕಡೆಯವರು ಇಲ್ಲಿ ಸ್ವಲ್ಪ ನಿಧಾನಿಸಬೇಕು. ಗಡಿ ಭಾಗದ ಎಷ್ಟೋ ಮನೆಗಳಲ್ಲಿ ಕನ್ನಡವೂ ಬೇಕು, ಮರಾಠಿಯೂ ಬೇಕು. ಡಿಟಿಎಚ್, ಅಂದರೆ ಡಿಶ್ ಕಂಪನಿಗಳ ಪ್ಯಾಕ್‌ಗಳು ಸಾಮಾನ್ಯವಾಗಿ ರಾಜ್ಯವಾರು ಇರುತ್ತವೆ. ಕನ್ನಡದ ಪ್ಯಾಕ್ ತಗೊಂಡರೆ ಮರಾಠಿ ಚಾನೆಲ್‌ಗಳನ್ನು ಬೇರೆಯಾಗಿ ಸೇರಿಸಬೇಕಾಗುತ್ತದೆ, ಬಿಲ್ ಏರುತ್ತದೆ. ಊರಿನ ಕೇಬಲ್‌ನವರು ಎರಡೂ ಭಾಷೆ ಸೇರಿಸಿದ ಪ್ಯಾಕ್ ಇಟ್ಟಿರುವುದುಂಟು. ಕೇಳಿ ನೋಡಿ.

ಇನ್ನೊಂದು ವಿಷಯ ಲೋಕಲ್ ಚಾನೆಲ್. ಬೆಳಗಾವಿಯ ಗಣಪತಿ ವಿಸರ್ಜನೆ, ವಿಜಯಪುರದ ಸಿದ್ಧೇಶ್ವರ ಜಾತ್ರೆ ಇಂಥವನ್ನೆಲ್ಲ ಮನೆಯಲ್ಲೇ ಕೂತು ನೋಡುವ ಆಸೆ ಹಿರಿಯರಿಗಿದ್ದರೆ, ಅದು ಕೇಬಲ್‌ನವರ ಸ್ಥಳೀಯ ಚಾನೆಲ್‌ನಲ್ಲಿ ಬರುತ್ತದೆಯೇ ವಿಚಾರಿಸಿ. ಊರಿನ ಕೇಬಲ್ ಚಾನೆಲ್ ಡಿಶ್‌ನಲ್ಲಿ ಸಿಗುವುದಿಲ್ಲ.

ಆಗ್ನೇಯಕ್ಕೆ ಆಕಾಶ ಇದೆಯಾ?

ಇದೇ ಎಲ್ಲಕ್ಕಿಂತ ಮುಖ್ಯ. ನಮ್ಮಲ್ಲಿ ಡಿಟಿಎಚ್ ಸಿಗ್ನಲ್ ಕೊಡುವ ಉಪಗ್ರಹಗಳು ಸಮಭಾಜಕ ವೃತ್ತದ ನೇರಕ್ಕೆ, ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿವೆ. ನಾವಿರುವುದು ಅದರ ಉತ್ತರಕ್ಕೆ. ಅವು ಇರುವ ರೇಖಾಂಶ ನಮ್ಮ ಪೂರ್ವಕ್ಕೆ. ಹಾಗಾಗಿ ಬೆಳಗಾವಿ, ವಿಜಯಪುರ, ಬಾಗಲಕೋಟೆ ಈ ಮೂರೂ ಜಿಲ್ಲೆಗಳಲ್ಲಿ ಯಾವ ಕಂಪನಿಯ ಛತ್ರಿ, ಅಂದರೆ ಡಿಶ್ ಆದರೂ ಹೆಚ್ಚುಕಡಿಮೆ ಆಗ್ನೇಯಕ್ಕೇ ಮುಖ ಮಾಡುತ್ತದೆ. ಕೆಲವು ದಕ್ಷಿಣದ ಕಡೆಗೆ ವಾಲುತ್ತವೆ, ಕೆಲವು ಪೂರ್ವದ ಕಡೆಗೆ.

ಮಾಳಿಗೆ ಮೇಲೆ ಹೋಗಿ ಪೂರ್ವಕ್ಕೆ ಮುಖ ಮಾಡಿ ನಿಲ್ಲಿ. ಪೂರ್ವಕ್ಕೂ ದಕ್ಷಿಣಕ್ಕೂ ನಡುವೆ ಮುಖ ಬರುವಂತೆ ಬಲಕ್ಕೆ ಅರ್ಧ ತಿರುಗಿ. ಈಗ ತಲೆ ಎತ್ತಿ ನೋಡಿ. ಅಲ್ಲಿ ಬೇವಿನ ಮರ, ತೆಂಗಿನ ಗರಿ, ನೀರಿನ ಟ್ಯಾಂಕ್, ಪಕ್ಕದವರ ಮೂರನೇ ಮಹಡಿ ಅಡ್ಡ ಬರುತ್ತದೆಯಾ? ಬಂದರೆ ಬೇರೆ ಜಾಗ ಹುಡುಕಬೇಕು. ಡಿಶ್ ನೋಡಿದರೆ ಎದುರಿನ ಗೋಡೆಯನ್ನೇ ನೋಡುತ್ತಿರುವ ಹಾಗೆ ಕಾಣುತ್ತದೆ. ಅದಕ್ಕೆ ಮೋಸ ಹೋಗಬೇಡಿ. ಅದರ ರಚನೆಯೇ ಹಾಗೆ, ಸಿಗ್ನಲ್ ಬರುವುದು ಅದಕ್ಕಿಂತ ಸಾಕಷ್ಟು ಮೇಲಿನಿಂದ. ಆದ್ದರಿಂದ ತುಸು ದೂರದ ಗಿಡ್ಡ ಗೋಡೆ ತೊಂದರೆ ಕೊಡುವುದಿಲ್ಲ. ಹತ್ತಿರದ ಎತ್ತರದ ಮರ ಕೊಡುತ್ತದೆ. ಅದರಲ್ಲೂ ಬೇಸಿಗೆಯಲ್ಲಿ ಎಲೆ ಉದುರಿದಾಗ ಹಾಕಿಸಿದ ಡಿಶ್, ಮರ ಚಿಗುರಿದ ಮೇಲೆ ಕೈಕೊಡಬಹುದು.

ಅಪಾರ್ಟ್‌ಮೆಂಟಿನಲ್ಲಿ ಉತ್ತರಕ್ಕೋ ಪಶ್ಚಿಮಕ್ಕೋ ಬಾಲ್ಕನಿ ಇದ್ದರೆ ಅಲ್ಲಿ ಡಿಶ್ ಕೆಲಸ ಮಾಡದು. ಟೆರೇಸ್ ಮೇಲೆ ಜಾಗ ಕೇಳಬೇಕು. ಬಾಡಿಗೆ ಮನೆಯಾದರೆ ಗೋಡೆಗೆ ರಂಧ್ರ ಕೊರೆಯುವ ಮೊದಲೇ ಮಾಲೀಕರ ಒಪ್ಪಿಗೆ ತಗೊಳ್ಳಿ.

ಬಾಗಲಕೋಟೆ, ವಿಜಯಪುರ ಕಡೆಯ ಹಳೆಯ ಮಣ್ಣಿನ ಮಾಳಿಗೆ ಮನೆಗಳವರಿಗೆ ಒಂದು ಮಾತು. ಮಣ್ಣಿನಲ್ಲಿ ಬೋಲ್ಟ್ ನಿಲ್ಲುವುದಿಲ್ಲ. ಕಲ್ಲಿನ ಗೋಡೆಗೆ ಬಿಗಿಸಿ, ಇಲ್ಲವೇ ಕಾಂಕ್ರೀಟ್ ದಿಮ್ಮಿಯಲ್ಲಿ ಕಂಬ ಹುಗಿದು ಅದಕ್ಕೆ ಹಾಕಿಸಿ. ಬೆಳಗಾವಿ, ಖಾನಾಪುರದ ಹಂಚಿನ ಮನೆಗಳಲ್ಲೂ ಹಂಚಿನ ಮೇಲೆ ಬೇಡ, ಪೂರ್ವದ ಅಥವಾ ದಕ್ಷಿಣದ ಗೋಡೆ ಒಳ್ಳೆಯದು. ಛತ್ರಿ ಒಂದೆರಡು ಡಿಗ್ರಿ ಸರಿದರೂ ಚಿತ್ರ ಹೋಗುತ್ತದೆ. ಆ ಕಂಬಕ್ಕೆ ಬಟ್ಟೆ ಒಣಹಾಕುವ ಹಗ್ಗ ಮಾತ್ರ ಕಟ್ಟಲೇಬೇಡಿ. ಒದ್ದೆ ಸೀರೆಯ ಭಾರಕ್ಕೆ, ಮೇಲೆ ಬೀಸುವ ಗಾಳಿಗೆ ಅದು ದಿನಾ ಸ್ವಲ್ಪ ಸ್ವಲ್ಪ ಸರಿಯುತ್ತದೆ.

ಮಳೆ ಮತ್ತು ಕರೆಂಟ್

ಜೋರು ಮಳೆಗೆ ಡಿಶ್ ಟಿವಿ ನಿಲ್ಲುವುದು ಎಲ್ಲರಿಗೂ ಗೊತ್ತು. ಯಾಕೆ ಅಂದರೆ, ಮನೆಯ ಚಿಕ್ಕ ಛತ್ರಿಗೆ ಬರುವುದು ಕೆಯು ಬ್ಯಾಂಡ್ ಸಿಗ್ನಲ್. ಅದರ ಆವರ್ತನ ಸುಮಾರು 12 ಗಿಗಾಹರ್ಟ್ಸ್. ದಟ್ಟ ಮಳೆಯಲ್ಲಿ ನೀರಿನ ಹನಿಗಳು ಅದನ್ನು ಹೀರಿಬಿಡುತ್ತವೆ. ಕೇಬಲ್‌ನವರೂ ಚಾನೆಲ್ ಹಿಡಿಯುವುದು ಉಪಗ್ರಹದಿಂದಲೇ. ಆದರೆ ಅವರ ಕಡೆ ಇರುವುದು ದೊಡ್ಡ ದೊಡ್ಡ ಛತ್ರಿಗಳು, ಹೆಚ್ಚಿನವು ಸಿ ಬ್ಯಾಂಡ್. ಅದು ಸುಮಾರು 4 ಗಿಗಾಹರ್ಟ್ಸ್, ಮಳೆಗೆ ಅಷ್ಟಾಗಿ ಬಗ್ಗುವುದಿಲ್ಲ.

ಹಾಗಂತ ಮಳೆಗಾಲದಲ್ಲಿ ಕೇಬಲ್ ಗೆದ್ದೇಬಿಟ್ಟಿತು ಅನ್ನಬೇಡಿ. ಕೊಂಬೆ ಮುರಿದು ತಂತಿ ಹರಿಯುತ್ತದೆ, ಕಂಬದ ಮೇಲಿನ ಜಾಯಿಂಟಿಗೆ ನೀರು ಇಳಿಯುತ್ತದೆ. ಡಿಶ್ ಮಳೆ ಇಳಿದ ಕೂಡಲೇ ತಾನಾಗಿ ಬರುತ್ತದೆ. ಹರಿದ ಕೇಬಲ್‌ಗೆ ಹುಡುಗ ಬಂದು ಏಣಿ ಹಾಕಬೇಕು. ಅವನು ಅದೇ ದಿನ ಬರುತ್ತಾನಾ, ನಾಲ್ಕು ದಿನ ಬಿಟ್ಟು ಬರುತ್ತಾನಾ? ಇದನ್ನು ನಿಮ್ಮ ಓಣಿಯ ನಾಲ್ಕು ಮನೆಯವರನ್ನು ಕೇಳಿ. ಬೇರೆ ಓಣಿಯವರ ಮಾತು ಬೇಡ, ಒಂದೇ ಊರಿನಲ್ಲಿ ಓಣಿ ಓಣಿಗೂ ಇದು ಬದಲಾಗುತ್ತದೆ.

ಕರೆಂಟ್ ವಿಷಯದಲ್ಲಿ ಲೆಕ್ಕ ತಿರುಗುತ್ತದೆ. ಮನೆಯಲ್ಲಿ ಇನ್ವರ್ಟರ್ ಇದ್ದರೆ ಡಿಶ್ ಟಿವಿ ನಡೆಯುತ್ತಲೇ ಇರುತ್ತದೆ. ಕೇಬಲ್‌ಗೆ ನಿಮ್ಮ ಇನ್ವರ್ಟರ್ ಸಾಲದು. ದಾರಿಯ ಕಂಬದ ಮೇಲಿರುವ ಆಂಪ್ಲಿಫೈಯರ್‌ಗೂ, ಅವರ ಕಂಟ್ರೋಲ್ ರೂಮಿಗೂ ಕರೆಂಟ್ ಇರಬೇಕು. ಬ್ಯಾಕಪ್ ಬ್ಯಾಟರಿ ಇಟ್ಟಿದ್ದಾರಾ ಅಂತ ನೇರವಾಗಿ ಕೇಳಿ.

ನನ್ನ ಅಭಿಪ್ರಾಯ ಕೇಳಿದರೆ, ಮಳೆ ಕಡಿಮೆ ಇರುವ ವಿಜಯಪುರ, ಬಾಗಲಕೋಟೆಯಲ್ಲಿ ಆಕಾಶ ತೆರೆದಿದ್ದರೆ ಡಿಶ್ ಒಳ್ಳೆಯದು. ಊರಾಚೆಯ ತೋಟದ ಮನೆಗಂತೂ ಬೇರೆ ದಾರಿಯೇ ಕಮ್ಮಿ, ಒಂದು ಮನೆಗೋಸ್ಕರ ಯಾರೂ ಅಷ್ಟು ದೂರ ತಂತಿ ಎಳೆಯುವುದಿಲ್ಲ. ಬೆಳಗಾವಿ ನಗರದ ಒತ್ತೊತ್ತಾದ ಓಣಿಗಳಲ್ಲಿ, ಕೇಬಲ್‌ನವರು ಕರೆದರೆ ಬರುವವರಾದರೆ, ಕೇಬಲ್ಲೇ ವಾಸಿ.

ಈಗ ದುಡ್ಡಿನ ಲೆಕ್ಕ

ಬಿಲ್‌ನಲ್ಲಿ ಮೂರು ಭಾಗ: ನೆಟ್‌ವರ್ಕ್ ಶುಲ್ಕ, ಪೇ (ದುಡ್ಡು ಕೊಟ್ಟು ನೋಡುವ) ಚಾನೆಲ್‌ಗಳ ಬೆಲೆ, ಇವೆರಡರ ಮೇಲೆ ಶೇಕಡಾ 18ರ ಜಿಎಸ್‌ಟಿ. 2019ರ ಫೆಬ್ರವರಿಯಲ್ಲಿ ಟಿವಿ, ಫೋನ್ ಸೇವೆಗಳ ನಿಯಂತ್ರಣ ಸಂಸ್ಥೆಯಾದ ಟ್ರಾಯ್ ಹೊಸ ನಿಯಮ ತಂದಾಗ ನೂರು ಚಾನೆಲ್‌ಗೆ ನೆಟ್‌ವರ್ಕ್ ಶುಲ್ಕ 130 ರೂಪಾಯಿ ಮೀರಬಾರದು ಎಂದಿತ್ತು. ತೆರಿಗೆ ಸೇರಿ 153 ರೂಪಾಯಿ 40 ಪೈಸೆ. 2024ರ ಜುಲೈನಲ್ಲಿ ಟ್ರಾಯ್ ಆ ಮಿತಿಯನ್ನು ತೆಗೆಯಿತು. ಈಗ ಕಂಪನಿಯವರೇ ದರ ಇಡಬಹುದು. ಹಾಗಾಗಿ ಹಳೆಯ ದರ ನಂಬಿ ಕೂರಬೇಡಿ.

ನಿಮ್ಮ ಪಟ್ಟಿ ಮುಂದಿಟ್ಟು ಇಬ್ಬರಿಂದಲೂ ಇಡೀ ವರ್ಷದ ಮೊತ್ತ ಕೇಳಿ. ಬಾಕ್ಸ್, ಫಿಟಿಂಗ್, ತೆರಿಗೆ, ಎರಡನೇ ಟಿವಿಯ ಶುಲ್ಕ ಎಲ್ಲ ಸೇರಿಸಿ ಕೇಳಿ. ಎಚ್‌ಡಿ ಚಾನೆಲ್ ಜಾಸ್ತಿ ಹಾಕಿಸುವ ಮೊದಲು ಟಿವಿ ಎಷ್ಟು ದೊಡ್ಡದು ನೋಡಿ. ಚಿಕ್ಕ ಟಿವಿಗೆ ಸುಮ್ನೆ ಖರ್ಚು.

ತಿಂಗಳ ಖರ್ಚೇ ಬೇಡ ಅನ್ನುವವರಿಗೆ ದೂರದರ್ಶನದ ಡಿಡಿ ಫ್ರೀ ಡಿಶ್ ಇದೆ. 2004ರಲ್ಲಿ ಶುರುವಾದದ್ದು. ಛತ್ರಿ, ಬಾಕ್ಸ್‌ಗೆ ಒಮ್ಮೆ ಕೊಟ್ಟರೆ ಮುಗಿಯಿತು. ಚಂದನ ಬರುತ್ತದೆ. ನಿಮ್ಮ ಮನೆಯ ಸೀರಿಯಲ್ ಚಾನೆಲ್ ಅದರಲ್ಲಿದೆಯೋ ಇಲ್ಲವೋ ಅಂಗಡಿಯಲ್ಲೇ ಹಚ್ಚಿ ತೋರಿಸಲು ಹೇಳಿ, ಆಮೇಲೆ ದುಡ್ಡು ಕೊಡಿ.

ಫಿಟಿಂಗ್ ದಿನ

ಹುಡುಗರು ಬಂದಾಗ ಮನೆಯಲ್ಲಿ ದೊಡ್ಡವರು ಒಬ್ಬರು ಇರಲಿ. ಡಿಶ್ ಆದರೆ ಬಾಕ್ಸ್‌ನ ಮೆನುವಿನಲ್ಲಿ ಸಿಗ್ನಲ್ ಕ್ವಾಲಿಟಿ ಎಷ್ಟು ತೋರಿಸುತ್ತದೆ ಅಂತ ನೋಡಿ ಬರೆದಿಡಿ. ಮುಂದೆ ಚಿತ್ರ ಒಡೆದಾಗ ಆ ಅಂಕಿ ಇಳಿದಿದ್ದರೆ ಛತ್ರಿ ಸರಿದಿರಬಹುದು, ಇಲ್ಲವೇ ಕನೆಕ್ಟರ್ ಕೆಟ್ಟಿರಬಹುದು. ತಂತಿ ಕಿಟಕಿಯಿಂದ ಒಳಗೆ ಬರುವ ಮೊದಲು ಹೊರಗೇ ಸ್ವಲ್ಪ ಕೆಳಕ್ಕೆ ಬಾಗಿ, ಮತ್ತೆ ಮೇಲೇರಿ ಬರಲಿ. ಮಳೆ ನೀರು ಅದರ ಜೊತೆ ಒಳಗೆ ಇಳಿಯುವುದಿಲ್ಲ.

ಯಾವುದೇ ಹಾಕಿಸಿದರೂ ರಸೀದಿ ಮತ್ತು ಅರ್ಜಿಯ ಪ್ರತಿ ಕೇಳಿ ತಗೊಳ್ಳಿ. ಬಾಕ್ಸ್ ನಿಮ್ಮದಾಯಿತಾ, ಬಾಡಿಗೆಯದ್ದಾ, ಡಿಪಾಸಿಟ್ ವಾಪಸ್ ಬರುತ್ತದಾ ಎಂಬುದು ಅದರಲ್ಲಿ ಬರೆದಿರಬೇಕು. ಹಳೆಯ ಕನೆಕ್ಷನ್‌ನ ರೀಚಾರ್ಜ್ ಇನ್ನೂ ಉಳಿದಿದ್ದರೆ ಅದು ಮುಗಿಯುವವರೆಗೂ ಇಟ್ಟುಕೊಂಡಿರಿ. ಅಷ್ಟರಲ್ಲಿ ಹೊಸದರ ಗುಣ ಗೊತ್ತಾಗುತ್ತದೆ. ಆಮೇಲೆ ಹಳೆಯ ಬಾಕ್ಸ್ ಮರಳಿಸುವಾಗ, ಮರಳಿಸಿದ್ದಕ್ಕೆ ಸಹಿ ಹಾಕಿಸಿಕೊಂಡು ಬನ್ನಿ.