ಕೆಮ್ಮೀಸೆ ಪಿಕಳಾರಕ್ಕೆ ಯಾವ ನೂಲು, ಯಾವ ಹೊಲಿಗೆ

ಹಿತ್ತಲಿನ ಹಕ್ಕಿಯನ್ನು ಬಟ್ಟೆಯ ಮೇಲೆ ಹೊಲಿಯುತ್ತೇವೆಂದು ಹೊರಡುವ ಈಗಿನ ಹುಡುಗಿಯರು ಫೋನಿನಲ್ಲಿ ಸಿಕ್ಕ ಯಾವುದೋ ಚಿತ್ರವನ್ನು ಕಾರ್ಬನ್ ಹಾಳೆಯಿಟ್ಟು ಇಳಿಸಿಕೊಂಡು, ಕಂದು, ಕಪ್ಪು, ಬಿಳಿ, ಕೆಂಪು ಎಂದು ನೂಲಿನ ನಾಲ್ಕು ಲಡಿ ತಂದು, ಇಡೀ ಮೈಯನ್ನು ಅಂಚಿನಿಂದ ಅಂಚಿಗೆ ಒತ್ತಾಗಿ ಎಳೆಯುವ ಸ್ಯಾಟಿನ್ ಹೊಲಿಗೆಯಲ್ಲಿ ತುಂಬಿಬಿಡುತ್ತಾರೆ. ಆಮೇಲೆ ಹಕ್ಕಿಗೆ ಜೀವವೇ ಬಂದಿಲ್ಲವೆಂದು ನನ್ನ ಮುಂದೆ ತಂದು ಹಿಡಿಯುತ್ತಾರೆ. ಎಲ್ಲಿಂದ ಬರಬೇಕು? ಸಣ್ಣ ಎಲೆಗೋ ಮೊಗ್ಗಿಗೋ ಒಪ್ಪುವ ಹೊಲಿಗೆಯನ್ನು ಗರಿಗಳಿರುವ ಮೈಗೆ ಹಾಕಿದರೆ ಬಣ್ಣ ತುಂಬಿದ ಆಕಾರವೊಂದು ಉಳಿಯುತ್ತದೆ, ಅಷ್ಟೇ.

ಚೂಪು ಜುಟ್ಟಿನ, ಕಣ್ಣಿನ ಹಿಂದೆ ಕೆಂಪು ಮಚ್ಚೆಯಿರುವ ಬುಲ್‌ಬುಲ್ ಹಕ್ಕಿ ಕೆಮ್ಮೀಸೆ ಪಿಕಳಾರವನ್ನೇ ತೆಗೆದುಕೊಳ್ಳಿ. ದಾಸವಾಳದ ಗಿಡವಿರುವ ಮನೆಗೆ ಅದು ಕರೆಯದೆಯೇ ಬರುತ್ತದೆ, ಕೈಗೆಟುಕುವ ಪೊದೆಯಲ್ಲಿಯೇ ಗೂಡನ್ನೂ ಕಟ್ಟುತ್ತದೆ. ಹಾಗಿದ್ದರೂ ಚಿತ್ರ ನೋಡಿ ಹೊಲಿದ ನಮ್ಮ ಸೊಸೆ ಬಾಲದ ತುದಿಗೆ ಬಿಳಿ ನೂಲು ಹಾಕಿದ್ದಳು. ಬೇರೆ ಸೀಮೆಯ ಪಿಕಳಾರಗಳಿಗೆ ಬಾಲದ ತುದಿ ಬಿಳಿಯಾಗಿರುತ್ತದೆ, ಆದರೆ ನಮ್ಮ ದಕ್ಷಿಣದ ಹಕ್ಕಿಗೆ ಆ ಬಿಳುಪು ಇಲ್ಲ. ಎರಡು ಭುಜಗಳಿಂದ ಎದೆಯ ಮೇಲೆ ಇಳಿಯುವ ಕಂದು ಪಟ್ಟಿಯೂ ನಮ್ಮಲ್ಲಿ ಹೆಚ್ಚುಕಡಿಮೆ ಕೂಡಿಕೊಂಡಿರುತ್ತದೆ. ಕಣ್ಣೆದುರಿಗೆ ಹಕ್ಕಿ ಕುಳಿತಿರುವಾಗ ಫೋನನ್ನು ಏಕೆ ನಂಬಬೇಕು?

ಧಾರವಾಡದ ನಮ್ಮ ಸೋದರತ್ತೆ ಇಳಕಲ್ ಸೀರೆಯ ಮೇಲೆ ಗೆರೆಯಂತೆ ಸಾಗುವ ಗವಂತಿ, ಮೆಟ್ಟಿಲಿನಂತೆ ಏರುವ ಮುರ್ಗಿ ಹೊಲಿಗೆಗಳಿಂದಲೇ ಗಿಳಿಯನ್ನೂ ನವಿಲನ್ನೂ ತೆಗೆಯುತ್ತಿದ್ದರು. ಬಟ್ಟೆಯ ಮೇಲೆ ಗೆರೆ ಬರೆದುಕೊಳ್ಳದೆ, ಗಂಟು ಹಾಕದೆ, ಎಳೆ ಎಣಿಸಿಯೇ ಹೊಲಿಯುವ ಆ ಕಸೂತಿಯಲ್ಲಿ ನೇರ ಗೆರೆಗಳ ಗಿಳಿಯೇ ಚೆಂದ, ಅದಕ್ಕೆ ಗರಿಯ ನೆರಳು ಬೇಕೆಂದು ಯಾರೂ ಕೇಳುವುದಿಲ್ಲ. ನಿಜದ ಹಕ್ಕಿಯಂತೆ ಕಾಣಬೇಕಾದರೆ ದಾರಿ ಬೇರೆ. ಮೈಗೆಲ್ಲ ಒಂದು ಉದ್ದ, ಒಂದು ಗಿಡ್ಡ ಎಂದು ಹಾಕುತ್ತಾ ಹೋಗುವ ಉದ್ದ-ಗಿಡ್ಡ ಹೊಲಿಗೆ, ಅಂಚಿಗೆ ಹಿಂದಿನ ಹೊಲಿಗೆಯ ನೂಲನ್ನು ಸೀಳಿ ಮುಂದುವರಿಯುವ ಸ್ಪ್ಲಿಟ್ ಹೊಲಿಗೆ, ಸೂಜಿಯಲ್ಲಿ ಒಂದೇ ಎಳೆ. ಲಡಿಯ ಆರು ಎಳೆಗಳಲ್ಲಿ ಒಂದೊಂದನ್ನೇ ಮೇಲಕ್ಕೆಳೆದು ಬಿಡಿಸಿ. ಮೊಳಕ್ಕಿಂತ ಉದ್ದ ಇಟ್ಟುಕೊಂಡರೆ ನೂಲು ಬಟ್ಟೆಯೊಳಗೆ ಹೋಗಿ ಬಂದು ಜುಂಗೆದ್ದು ಹೊಳಪು ಕಳೆದುಕೊಳ್ಳುತ್ತದೆ.

ಇನ್ನು ಬಣ್ಣದ ಮಾತು. ಇದರಲ್ಲಿ ನಾನು ಯಾರ ಮಾತನ್ನೂ ಕೇಳುವವಳಲ್ಲ. ಅಂಗಡಿಯಲ್ಲಿ ಲಡಿಯ ಮೇಲೆ ಲಡಿ ಇಟ್ಟು ನೋಡಿ ಬಣ್ಣ ಆರಿಸಬಾರದು, ಏಕೆಂದರೆ ಒತ್ತಾಗಿರುವ ಲಡಿಯಲ್ಲಿ ಗಾಢವಾಗಿ ಕಾಣುವ ಕಂದು, ಒಂದೇ ಎಳೆಯಾಗಿ ಬಟ್ಟೆಗಿಳಿದಾಗ ತೆಳುವಾಗಿಬಿಡುತ್ತದೆ. ಹಳೆಯ ಲಗ್ನಪತ್ರಿಕೆಯ ದಪ್ಪ ರಟ್ಟನ್ನು ಎರಡು ಬೆರಳಗಲಕ್ಕೆ ಕತ್ತರಿಸಿ, ನೀವು ಹೊಲಿಯಲಿರುವ ಬಟ್ಟೆಯದೇ ತುಂಡನ್ನು ಅದಕ್ಕೆ ಬಿಗಿಯಾಗಿ ಸುತ್ತಿ ಹಿಂದೆ ಟಾಕು ಹಾಕಿ. ಅದರ ಮೇಲೆ ಗಾಢ ಕಂದಿನಿಂದ ತೊಡಗಿ ಕೆನೆಬಣ್ಣದವರೆಗೆ ಒಂದೊಂದು ಬಣ್ಣದ ಒಂದೇ ಎಳೆಯನ್ನು ಪಕ್ಕಪಕ್ಕಕ್ಕೆ ಏಳೆಂಟು ಸುತ್ತು ಸುತ್ತಿ. ಒಂದರ ಮೇಲೊಂದು ಏರಬಾರದು, ನಡುವೆ ಬಟ್ಟೆಯೂ ಇಣುಕಬಾರದು. ಬೆಳಗಿನ ಹೊತ್ತು ಬಿಸಿಲು ನೇರ ಬೀಳದ ಕಿಟಕಿಯ ಬಳಿ ಅದನ್ನು ಗೋಡೆಗೆ ಒರಗಿಸಿಟ್ಟು, ನಾಲ್ಕು ಹೆಜ್ಜೆ ಹಿಂದೆ ಸರಿದು, ಕಣ್ಣು ಅರ್ಧ ಮುಚ್ಚಿ ನೋಡಿ. ಎರಡು ಬಣ್ಣಗಳ ನಡುವೆ ಗೆರೆ ಎಳೆದಂತೆ ಕಂಡರೆ ಅವುಗಳ ಮಧ್ಯೆ ಇನ್ನೊಂದು ಬಣ್ಣ ಬೇಕು. ಎರಡೂ ಒಂದೇ ಎನಿಸಿದರೆ ಅವುಗಳಲ್ಲೊಂದು ದಂಡ. ಮಾರನೆಯ ದಿನ ಸಂಜೆಯ ಬೆಳಕಿನಲ್ಲಿಯೂ ಒಮ್ಮೆ ನೋಡಿ, ಆಮೇಲಷ್ಟೇ ಸೂಜಿಗೆ ನೂಲು ಪೋಣಿಸಿ. ಇಷ್ಟು ಸಡಗರವೇಕೆ ಎಂದು ಮೊಮ್ಮಗಳು ನಗುತ್ತಾಳೆ, ನಗಲಿ. ನಮ್ಮ ಅತ್ತೆಯವರು ಸೀರೆ ಕೊಳ್ಳುವಾಗಲೂ ಅಂಗಡಿಯ ಬಾಗಿಲಿಗೆ ಒಯ್ದು ಹಗಲ ಬೆಳಕಿನಲ್ಲಿ ಸೆರಗು ಬಿಡಿಸಿ ನೋಡದೆ ದುಡ್ಡು ತೆಗೆಯುತ್ತಿರಲಿಲ್ಲ. ಈಗ ದೀಪದ ಝಗಝಗದಲ್ಲಿ ಕೊಂಡು, ಮನೆಗೆ ಬಂದ ಮೇಲೆ ಬಣ್ಣವೇ ಬೇರೆಯಾಯಿತೆಂದು ಗೋಳಾಡುತ್ತೀರಿ.

ಹೊಲಿಗೆಯನ್ನು ಬಾಲದಿಂದ ಆರಂಭಿಸಿ. ಹೆಂಚು ಹೊದಿಸುವವರು ಸೂರಿನಂಚಿನಿಂದ ಮೇಲಕ್ಕೆ ಹೋಗುವಂತೆ, ಬಾಲ, ಹೊಟ್ಟೆ, ರೆಕ್ಕೆ, ಬೆನ್ನು, ಕಡೆಗೆ ತಲೆ ಎಂದು ಹೋದರೆ ಮುಂದಿನ ಸಾಲಿನ ತುದಿ ಹಿಂದಿನ ಸಾಲಿನ ಬುಡವನ್ನು ಮುಚ್ಚುತ್ತದೆ. ಹೊಲಿಯುವ ಮೊದಲು ಗರಿಗಳು ಮಲಗುವ ದಿಕ್ಕನ್ನು ಪೆನ್ಸಿಲಿನಿಂದ ನವಿರಾಗಿ ಗುರುತಿಸಿಕೊಳ್ಳಿ. ದಿಕ್ಕು ತಪ್ಪಿದರೆ ಎಷ್ಟು ಒಳ್ಳೆಯ ಬಣ್ಣವೂ ಹಕ್ಕಿಯನ್ನು ಉಳಿಸುವುದಿಲ್ಲ. ಉದ್ದ ಹೊಲಿಗೆ ಕಿರುಬೆರಳ ಉಗುರಿಗಿಂತ ಚಿಕ್ಕದಿರಲಿ, ಗಿಡ್ಡದ್ದು ಅದರ ಅರ್ಧಕ್ಕಿಂತ ತುಸು ಹೆಚ್ಚಿರಲಿ. ಎರಡನೆಯ ಸಾಲು ಮೊದಲ ಸಾಲಿನ ನೂಲನ್ನು ಸೀಳಿಕೊಂಡು ಅದರೊಳಗೇ ಹೋಗಬೇಕು. ರೆಕ್ಕೆಯ ಉದ್ದ ಗರಿಗಳಿಗೆ ಮಾತ್ರ ಒಂದೊಂದಕ್ಕೂ ಬೇರೆಯಾಗಿ ಓರೆ ಹೊಲಿಗೆ ಹಾಕಿ, ಅಂಚಿಗೆ ಹುರಿಯಂತೆ ಕಾಣುವ ಸ್ಟೆಮ್ ಹೊಲಿಗೆಯನ್ನು ತೆಳುಗಂದಿನಲ್ಲಿ ಎಳೆಯಿರಿ.

ಹೊಟ್ಟೆ ಬಿಳಿ ಎಂದು ಅಚ್ಚಬಿಳಿ ನೂಲನ್ನು ಸುರಿಯಬೇಡಿ. ಕೆನೆ, ತೆಳು ಬೂದಿ, ಪಕ್ಕೆಗಳಲ್ಲಿ ಒಂದಿಷ್ಟು ಮಾಸಲು ಕಂದು ಸಾಕು. ಅಚ್ಚಬಿಳಿ ಕೆನ್ನೆಗೂ ಕುತ್ತಿಗೆಗೂ ಮೀಸಲು. ಬಟ್ಟೆಯೂ ಬಿಳಿಯಾಗಿದ್ದರೆ ಅವೆರಡೂ ಕಾಣದೆ ಹೋಗುವುದರಿಂದ ಗೋಧಿ ಬಣ್ಣದ ಕೇಸ್‌ಮೆಂಟ್ ಎಂಬ ದಪ್ಪ ಹತ್ತಿ ಬಟ್ಟೆಯನ್ನೇ ಆರಿಸಿ, ಮೊದಲೇ ಒಗೆದು ಕುಗ್ಗಿಸಿಕೊಳ್ಳಿ. ಕೆನ್ನೆಯ ಬಿಳುಪನ್ನು ಕುತ್ತಿಗೆಯ ಬಿಳುಪಿನಿಂದ ಬೇರೆ ಮಾಡುವ ಸಣ್ಣ ಕಪ್ಪು ಗೆರೆಯೊಂದಿದೆ, ಅದನ್ನು ಮರೆಯುವವರೇ ಹೆಚ್ಚು. ಒಂದೆಳೆಯ ಸ್ಪ್ಲಿಟ್ ಹೊಲಿಗೆ ಅದಕ್ಕೆ ಸಾಕು. ಜುಟ್ಟಿಗೆ ಬರೀ ಕಪ್ಪು ಹಾಕಿದರೆ ತೂತು ಬಿದ್ದಂತೆ ಕಾಣುವುದರಿಂದ ಕಡುಗಂದನ್ನು ಮೊದಲು ಹಾಕಿ, ಅದರ ಮೇಲೆ ಉದ್ದ ಹೆಚ್ಚುಕಡಿಮೆಯಾಗಿ ಕೆಲವು ಕಪ್ಪು ಎಳೆಗಳನ್ನು ತುದಿ ಚೂಪಾಗುವಂತೆ ಎಳೆಯಿರಿ. ಕಣ್ಣಿನ ಹಿಂದಿನ ಕೆಂಪು ಮಚ್ಚೆಯನ್ನು ಎಲ್ಲಕ್ಕಿಂತ ಕೊನೆಗೆ, ಬಿಳಿಯ ಮೇಲೆಯೇ, ನಾಲ್ಕೈದು ಗಿಡ್ಡ ಹೊಲಿಗೆಗಳಲ್ಲಿ ಮುಗಿಸಿ. ಬಾಲದ ಬುಡದ ಕೆಂಪಿಗೆ ಎರಡು ಛಾಯೆ ಬೇಕು. ಮರಿಗಳಿಗೆ ಕಣ್ಣಿನ ಹಿಂದೆ ಕೆಂಪಿರುವುದಿಲ್ಲ, ಗೂಡಿನ ದೃಶ್ಯ ಹೊಲಿಯುವವರು ನೆನಪಿಟ್ಟುಕೊಳ್ಳಿ.

ಕಣ್ಣಿನ ಹೊಳಪಿಗೆ, ಸೂಜಿಗೆ ನೂಲು ಸುತ್ತಿ ಹಾಕುವ ಉಬ್ಬಿದ ಫ್ರೆಂಚ್ ಗಂಟು ಹಾಕಿದರೆ ಹಕ್ಕಿ ಬೆದರಿದಂತೆ ಕಾಣುತ್ತದೆ. ಕಪ್ಪು ಸ್ಯಾಟಿನ್ ಹೊಲಿಗೆಯ ಮೇಲೆ, ಬೆನ್ನಿಗೆ ಬೆಳಕು ಬೀಳುವ ಕಡೆಗೇ, ಬಿಳಿಯ ಒಂದು ಚುಕ್ಕೆ ಹೊಲಿಗೆ ಸಾಕು. ಕೊಕ್ಕು, ಕಾಲು ಎರಡೂ ಕಪ್ಪು. ಕೊಕ್ಕಿನ ಮೇಲಂಚಿಗೆ ಒಂದು ಬೂದಿ ಎಳೆ ಬಿಟ್ಟರೆ ಬೇರೇನೂ ಬೇಡ. ಮುಗಿದ ಮೇಲೆ ದಪ್ಪ ಟವೆಲಿನ ಮೇಲೆ ಹಕ್ಕಿಯನ್ನು ಮಗುಚಿ ಹಾಕಿ ಹಿಂಬದಿಯಿಂದಲೇ ಇಸ್ತ್ರಿ ಮಾಡಿ.