ಕಾರ್ಬನ್ ರಿಮ್ ಎಷ್ಟು ಗಾಳಿ ಸೀಳ್ತೈತಿ ಅಂತ ನಾನೇ ಅಳೆದು ನೋಡಿದ್ದು

ಹೋದ ವರ್ಷ ನನ್ನ ಸೈಕಲ್ಲಿಗೆ ಸೆಕೆಂಡ್ ಹ್ಯಾಂಡ್‌ನ್ಯಾಗ 50 ಮಿಲಿಮೀಟರ್ ಎತ್ತರದ ಕಾರ್ಬನ್ ರಿಮ್ ಜೋಡಿ ತಗೊಂಡೆ, ನನ್ನ ಹಳೇ ಅಲ್ಯುಮಿನಿಯಂ ರಿಮ್ 24ರದ್ದು. ಎಲ್ಲಾರೂ ಭಾಳ ಫಾಸ್ಟ್ ಅದಾವು ಅಂತಿದ್ರು, ಎಷ್ಟು ಅಂತ ಕೇಳಿದ್ರ ಯಾರ ಹತ್ರನೂ ಲೆಕ್ಕ ಇರಲಿಲ್ಲ. ಕೊಪ್ಪಳದಾಗ ವಿಂಡ್ ಟನಲ್ (ಗಾಳಿ ಊದಿ ತಡೆ ಅಳೆಯೋ ಕೋಣಿ) ಎಲ್ಲಿಂದ ತರೋದು, ರೋಡಿನ ಮ್ಯಾಲೇ ನೋಡೋಣ ಅಂತ ಶುರು ಮಾಡ್ದೆ.

ಮೊದಲು ಇಳಿಜಾರಿನ್ಯಾಗ ಪೆಡಲ್ ತುಳೀದಂಗ ಬಿಟ್ಟು, ಗಾಡಿ ಎಲ್ಲಿ ನಿಲ್ತೈತೋ ಅಲ್ಲಿ ಸೀಮೆಸುಣ್ಣದಿಂದ ಗೆರಿ ಹೊಡೆದ್ವಿ. ನಾನು ಮತ್ತ ಸೋದರಮಾವನ ಮಗ. ಮೂರು ಮುಂಜಾನಿ ಮಾಡಿದ್ರೂ ಒಂದೇ ವೀಲಿನ ಗೆರಿನೇ ಒಂದಕ್ಕೊಂದು ಹೊಂದಲಿಲ್ಲ. ಆಮ್ಯಾಲ ತಿಳೀತು, ಗಾಳಿ ತಡೆ ಸ್ಪೀಡಿನ ವರ್ಗದಂಗ ಏರಿಳಿತೈತಿ, ಗಂಟೆಗೆ 30 ಕಿಲೋಮೀಟರಿಂದ 15ಕ್ಕ ಇಳಿದ್ರ ನಾಲ್ಕನೇ ಒಂದು ಪಾಲು ಆಗಿಬಿಡ್ತೈತಿ, ಹಂಗಾಗಿ ಕೊನೀಗೆ ಉರುಳೋ ದೂರದಾಗ ನಾವು ಅಳೀತಿದ್ದದ್ದು ಟೈರು ಬೇರಿಂಗು, ರಿಮ್ ಅಲ್ಲ.

ಆಮ್ಯಾಲ ಗೆಳೆಯನ ಹತ್ರ ಪವರ್ ಮೀಟರ್ (ಪೆಡಲ್ ತುಳಿಯೋ ಶಕ್ತಿನ ವ್ಯಾಟಿನ್ಯಾಗ ತೋರಿಸೋದು) ಇಸ್ಕೊಂಡು ರಾಬರ್ಟ್ ಚಂಗ್ ಅನ್ನೋರ ವಿಧಾನ ಹಿಡಿದೆ. ವ್ಯಾಟ್ ಮತ್ತ ಸ್ಪೀಡ್ ಗೊತ್ತಿದ್ರ ರೋಡಿನ ಏರಿಳಿತ ಲೆಕ್ಕದಾಗ ಹೊರಗ ಬರ್ತೈತಿ, ಹೊಂಟ ಜಾಗಕ್ಕೇ ವಾಪಸ್ ಬಂದ್ರ ಎತ್ತರನೂ ಅಷ್ಟೇ ಬರಬೇಕಲ್ಲ, ಬರೋ ತನಕ ಗಾಳಿ ತಡೆಯ ಅಂಕಿ ತಿದ್ದಬೇಕು. ಬ್ರೇಕ್ ಮುಟ್ಟಂಗಿಲ್ಲ. ಗಾಳಿ ಬೀಸಂಗಿಲ್ಲ. ಗಂಗಾವತಿ ಕಡೆ ಭತ್ತದ ಗದ್ದಿ ನಡುವಿನ ಡಾಂಬರು ರೋಡಿಗೆ ಡಿಸೆಂಬರ್‌ದಾಗ ಬೆಳಕು ಹರಿಯೋದ್ರಾಗ ಹೋಗ್ತಿದ್ವಿ. ದಾರಿ ಬದಿಗೆ ನೆಟ್ಟ ಕೋಲಿಗೆ ಕಟ್ಟಿದ ಉಲ್ಲನ್ ದಾರ ಅಳ್ಳಾಡಿದ್ರ ಸಾಕು, ಮಾವನ ಮಗ "ಯಣ್ಣಾ, ಗಾಳಿ ಎದ್ದೈತಿ, ನಿಲ್ಲು" ಅಂತಿದ್ದ. ಬಿಸಿಲು ಏರಿದ್ರೂ ಲೆಕ್ಕ ತಪ್ಪತೈತಿ, 20 ಡಿಗ್ರಿಯಿಂದ 35ಕ್ಕ ಹೋದ್ರ ಗಾಳಿ ಸುಮಾರು ನೂರಕ್ಕ 5 ತೆಳ್ಳಗ ಆಗ್ತೈತಿ.

ಮೊದಲನೇ ಸಲ ಕಾರ್ಬನ್ ಹತ್ತು ವ್ಯಾಟ್ ಉಳಿಸೈತಿ ಅಂತ ಬಂತು. ಭಾಳ ಖುಷಿ ಆತು. ಎರಡು ದಿನ ಆದ ಮ್ಯಾಲ ನನಗ ಹೊಳೀತು, ಹಳೇ ವೀಲಿಗೆ 28 ಮಿಲಿಮೀಟರ್ ಅಗಲದ ಟೈರ್ ಇತ್ತು, ಕಾರ್ಬನ್‌ಗೆ 25ರದ್ದು, ಸ್ಪೀಡ್ ತೋರಿಸೋ ಸೈಕಲ್ ಮೀಟರಿನ್ಯಾಗ ವೀಲಿನ ಸುತ್ತಳತಿ 2136 ಮಿಲಿಮೀಟರ್ ಇದ್ದದ್ದು ಹಂಗೇ ಉಳಿದಿತ್ತು, 25ಕ್ಕ ಅದು 2105 ಇರಬೇಕು. ಸ್ಪೀಡ್ ನೂರಕ್ಕ ಒಂದೂವರೆ ಜಾಸ್ತಿ ತೋರಿಸ್ತು ಅಂದ್ರ ಏನು ಮಹಾ ಅನ್ನಬ್ಯಾಡ್ರಿ, ಗಾಳಿ ಸೀಳೋ ವ್ಯಾಟ್ ಸ್ಪೀಡಿನ ಘನದಂಗ ಏರ್ತೈತಿ, ಅಲ್ಲೇ ನೂರಕ್ಕ ನಾಲ್ಕೂವರೆ ತಪ್ಪು ಹೊಕ್ಕಂಗ ಆತು. ಅವತ್ತಿಂದ ಸುತ್ತಳತಿಯ ಚಾರ್ಟ್ ನಂಬೋದು ಬಿಟ್ಟೆ. ಸೀಟಿನ ಮ್ಯಾಲ ಕುಂತು, ವಾಲ್ವ್ ನೆಲದ ಕಡೆ ಬಂದಾಗ ಒಂದು ಗುರುತು, ಒಂದು ಸುತ್ತು ಉರುಳಿ ಮತ್ತ ಬಂದಾಗ ಇನ್ನೊಂದು, ನಡುವ ಟೇಪ್ ಹಿಡಿತೀನಿ. ಭಾರ ಇಲ್ಲದ ಅಳದ್ರ ಬ್ಯಾರೇನೇ ಬರ್ತೈತಿ.

ಆಮ್ಯಾಲ ಎರಡಕ್ಕೂ ಒಂದೇ ಟೈರ್, ಒಂದೇ ಪ್ರೆಶರ್, ಒಂದೇ ಅಂಗಿ ಹಾಕ್ಕೊಂಡು ಮಾಡ್ದೆ. ತಲಿ ಸ್ವಲ್ಪ ಎತ್ತಿದ್ರೂ ರಿಮ್ ಉಳಿಸಿದ್ದು ಹೋಗಿಬಿಡ್ತೈತಿ, ಅದಕ್ಕ ಕಣ್ಣು ಹ್ಯಾಂಡಲ್ ಹಿಡಿದಿರೋ ಸ್ಟೆಮ್ ಮುಂದಿನ ಒಂದೇ ಜಾಗದ ಮ್ಯಾಲ ಇಟ್ಟೆ. ಮೊದಲು ಹಳೇದು, ಆಮ್ಯಾಲ ಕಾರ್ಬನ್, ಮತ್ತ ಹಳೇದು. ಎರಡು ಸಲದ ಹಳೇದು ಹೊಂದಲಿಲ್ಲ ಅಂದ್ರ ಆ ದಿನದ ಲೆಕ್ಕನೇ ಬಿಟ್ಟೆ. 32ರ ಸ್ಪೀಡಿಗೆ ಕಾರ್ಬನ್ ನಾಲ್ಕು ವ್ಯಾಟ್ ಕಡಿಮಿ ತಗೊಂತು, ಆದ್ರ ಒಂದೇ ವೀಲ್ ಎರಡು ಸಲ ಮಾಡಿದ್ರೂ ಎರಡು ವ್ಯಾಟ್ ಹೆಚ್ಚು ಕಮ್ಮಿ ಬರ್ತಿತ್ತು.

ಟೈರ್ ಅಗಲದ ಮಾತೂ ಐತಿ. ಸೈಕಲ್ ವೀಲ್ ಮಾಡೋ ಜಿಪ್ ಕಂಪನ್ಯಾಗ ಇದ್ದ ಜೋಶ್ ಪೋರ್ಟ್ನರ್ 105ರ ನಿಯಮ ಅಂತ ಹೇಳಿದ್ದು, ರಿಮ್ ಅಗಲ ಟೈರಿಗಿಂತ ನೂರಕ್ಕ 5ರಷ್ಟಾದ್ರೂ ಜಾಸ್ತಿ ಇರಬೇಕು, ಇಲ್ಲಂದ್ರ ಟೈರ್ ಬಿಟ್ಟ ಗಾಳಿ ಮತ್ತ ರಿಮ್ಮಿಗೆ ಹತ್ತಂಗಿಲ್ಲ. ನನ್ನ ಕಾರ್ಬನ್ ರಿಮ್ಮಿನ ಅಗಲ 27, ಅದಕ್ಕ 28ರ ಟೈರ್ ಹಾಕಿ ಗಾಳಿ ತುಂಬಿ ವರ್ನಿಯರ್ ಹಿಡಿದ್ರ 29ರ ಹತ್ರ. ಅದಕ್ಕ ಈಗ ಮುಂದಿಂದು 25ರ ಟೈರ್ ಅಷ್ಟೇ.

ಆಷಾಢದ ಗಾಳಿಗೆ ಎತ್ತರದ ರಿಮ್ ಹ್ಯಾಂಡಲ್ ಎಳಿತೈತಿ, ಲಾರಿ ಪಕ್ಕ ಹಾದಾಗಂತೂ ಕೈ ಬಿಗಿ ಹಿಡೀಬೇಕು. ಆ ಗಾಳಿ ದಿನದಾಗ ಮುಂದ 24ರದ್ದು, ಹಿಂದ 50ರದ್ದು ಹಾಕ್ಕೊಂತೀನಿ.