ಹಳೆ ಮಾಡಿನ ಹಂಚು ಒಡೆಯದೆ ಇಳಿಸುವುದು ಹೇಗೆ?

ಮಾಡಿನ (ಹಂಚಿನ ಚಾವಣಿಯ) ರಿಪೇರಿ ಎಂದ ಕೂಡಲೇ ಎಲ್ಲರ ಲೆಕ್ಕಾಚಾರವೂ ಹೊಸ ಹಂಚು, ಹೊಸ ರೀಪಿನ (ಹಂಚು ಕೂರುವ ಮರದ ಅಡ್ಡಪಟ್ಟಿಯ) ಸುತ್ತಲೇ. ಹಳೆಯದನ್ನು ಇಳಿಸುವುದಕ್ಕೆ ಮಾತ್ರ ಸಿಕ್ಕಿದವರನ್ನು ಹತ್ತಿಸಿ, ‘ಒಂದೇ ದಿನದಲ್ಲಿ ಮುಗಿಸಿಬಿಡಿ’ ಎನ್ನುತ್ತಾರೆ. ಸಂಜೆ ನೋಡಿದರೆ ಅಂಗಳದ ತುಂಬ ಚೂರು, ಮುಚ್ಚಿಗೆಯಲ್ಲಿ ತೂತು, ನೆತ್ತಿಯ ಮರ ಒಂದು ಕಡೆಗೆ ವಾಲಿರುತ್ತದೆ. ಗಟ್ಟಿಯಾಗಿ ಸುಟ್ಟ ಮಂಗಳೂರು ಹಂಚು ಎರಡು ತಲೆಮಾರಿನ ಮಳೆಗೆ ಜಗ್ಗುವುದಿಲ್ಲ. ಅದನ್ನು ಮತ್ತೆ ಹೊದಿಸಲು ಬರುತ್ತದೋ ಇಲ್ಲವೋ ಎಂಬುದು ಇಳಿಸುವವರ ಕೈಯಲ್ಲಿದೆ.

ಮೊದಲು ಭಾರದ ಅಂದಾಜು ಇರಲಿ. 100 ಚದರಡಿ ಮಾಡಿಗೆ ಸುಮಾರು 150 ಹಂಚು ಹಿಡಿಯುತ್ತವೆ. ಒಂದೊಂದರ ತೂಕ ಎರಡರಿಂದ ಮೂರು ಕಿಲೊ. ಎಂದರೆ 1000 ಚದರಡಿಯ ಮಾಡಿನಲ್ಲಿ 1500 ಹಂಚು, ಮೂರೂವರೆ ಟನ್ನಿನ ಆಸುಪಾಸು. ಈ ಚದರಡಿಯನ್ನು ಮಾಡಿನ ಇಳಿಜಾರಿನ ಮೇಲೆಯೇ ಅಳೆಯಬೇಕು. ನೆಲದ ಅಳತೆ ಹಿಡಿದು ಲೆಕ್ಕ ಹಾಕಿದರೆ 30 ಡಿಗ್ರಿ ಇಳಿಜಾರಿನಲ್ಲೇ ನೂರಕ್ಕೆ ಹದಿನೈದರಷ್ಟು ಹಂಚು ಕಡಿಮೆ ಬೀಳುತ್ತದೆ.

ಕೆಲಸಕ್ಕೆ ಹದವಾದ ಕಾಲ ಡಿಸೆಂಬರಿನಿಂದ ಮಾರ್ಚಿನವರೆಗೆ. ಮಳೆ ಬಿಟ್ಟ ವಾರದಲ್ಲೇ ಹತ್ತಿದರೆ ಪಾಚಿ ಜಾರುತ್ತದೆ, ಹಂಚಿನೊಳಗಿನ ತೇವವೂ ಆರಿರುವುದಿಲ್ಲ. ಏಪ್ರಿಲ್ ದಾಟಿದರೆ ಸಂಜೆಯ ಗಾಳಿಮಳೆಯ ಭಯ. ಸೋರುವ ಜಾಗವನ್ನು ಮಾತ್ರ ಮಳೆಗಾಲದಲ್ಲೇ ಒಳಗಿನಿಂದ ನೋಡಿ, ಪಕ್ಕಾಸಿನ (ನೆತ್ತಿಯಿಂದ ಗೋಡೆಗೆ ಇಳಿಯುವ, ರೀಪು ಹೊರುವ ಮರದ) ಮೇಲೆ ಸೀಮೆಸುಣ್ಣದಿಂದ ಗುರುತು ಮಾಡಿಟ್ಟುಕೊಳ್ಳಿ. ಬೇಸಿಗೆಯಲ್ಲಿ ಅದು ನೆನಪಿರುವುದಿಲ್ಲ.

ಬೇಕಾದ ಸಾಮಾನು

ಅರ್ಧ ಕಿಲೊ ಸುತ್ತಿಗೆ, ಮುಕ್ಕಾಲು ಇಂಚು ಅಗಲದ ಚಪ್ಪಟೆ ಚಾಣ, ಕಟಿಂಗ್ ಪ್ಲೇಯರ್, ಮೊಳೆ ಕೀಳುವ ಕಬ್ಬಿಣ, ಹುರಿ, ಅಳತೆ ಟೇಪು, ತೆಂಗಿನ ನಾರಿನ ಬ್ರಶ್ಶು, ಗೋಣಿಚೀಲ, ಎರಡು ಉದ್ದ ಹಲಗೆ, ಇಡೀ ಮಾಡು ಮುಚ್ಚುವಷ್ಟು ಟಾರ್ಪಾಲು. ಸೂರಿಗಿಂತ (ಮಾಡಿನ ಕೆಳಗಿನ ಅಂಚಿಗಿಂತ) ಮೂರು ಅಡಿಯಾದರೂ ಮೇಲೆ ಚಾಚುವ ಏಣಿ. ಏಣಿ ನಾಲ್ಕು ಅಡಿ ಎತ್ತರಕ್ಕೆ ಒಂದು ಅಡಿಯಂತೆ ಬುಡ ಹೊರಗಿರಲಿ, ತುದಿಯನ್ನು ಹಗ್ಗದಿಂದ ಬಿಗಿಯಿರಿ. ಎರಡು ಕಿಲೊ ಸುತ್ತಿಗೆ, ಹಾರೆ, ಗುದ್ದಲಿ ಮಾಡಿನ ಮೇಲೆ ಹೋಗಲೇಬಾರದು. ಕೈಗೆ ಸಿಕ್ಕರೆ ಅವನ್ನೇ ಬಳಸುತ್ತಾರೆ.

ಸೊಂಟಕ್ಕೆ ಹಗ್ಗ ಕಟ್ಟಿಕೊಳ್ಳುವುದು ಸುರಕ್ಷತೆಯಲ್ಲ. ಜಾರಿದಾಗ ಅದೇ ಪಕ್ಕೆಲುಬು ಮುರಿಯುತ್ತದೆ. ಭುಜ, ತೊಡೆ ಎರಡನ್ನೂ ಹಿಡಿಯುವ ಹಾರ್ನೆಸ್ ಬೇಕು, ಅದರ ಹಗ್ಗವನ್ನು ಗಟ್ಟಿ ಮರಕ್ಕೆ ಕಟ್ಟಬೇಕು. ರೀಪಿಗೆ ಕಟ್ಟಿದರೆ ಕಟ್ಟದಿದ್ದಂತೆಯೇ. ಅಟ್ಟದ ದೂಳಿನಲ್ಲಿ ಇಲಿ, ಬಾವಲಿಯ ಹಿಕ್ಕೆ ಇರುತ್ತದೆ, ಹಾಗಾಗಿ ಎನ್-95 ಮಾಸ್ಕ್ ಹಾಕಿ. ಹಂಚಿನಡಿ ಚೇಳು, ಜರಿ, ಕಣಜದ ಗೂಡು ಸಾಮಾನ್ಯ, ಬರಿಗೈ ತೂರಿಸಬೇಡಿ. ಪಕ್ಕಾಸಿನ ಉದ್ದಕ್ಕೂ ವೈರಿಂಗ್ ಹೋಗಿದ್ದರೆ ಮೇನ್ ಸ್ವಿಚ್ ತೆಗೆದ ಮೇಲೆಯೇ ಹತ್ತುವುದು. ಸೂರಿನ ಹತ್ತಿರ ಬರುವ ಸರ್ವಿಸ್ ವೈರಿನಲ್ಲಿ ಆಗಲೂ ವಿದ್ಯುತ್ ಇರುತ್ತದೆ. ಅದರ ಸಮೀಪ ಕೆಲಸವಿದ್ದರೆ ಮೊದಲು ಲೈನ್‌ಮನ್ ಬರಲಿ.

ಒಳಗಿನ ಸಾಮಾನು ಹೊರಗೆ ಸಾಗಿಸಿ, ಸಾಗದ್ದಕ್ಕೆ ಟಾರ್ಪಾಲು ಹೊದೆಸಿ. ಗಾಜಿನ ಹಂಚುಗಳನ್ನು ಎಲ್ಲಕ್ಕಿಂತ ಮೊದಲು ತೆಗೆದು ಗೋಣಿಯಲ್ಲಿ ಸುತ್ತಿಡಿ.

ನೆತ್ತಿ ಹಂಚು: ಕೆಲಸ ಕೆಡುವುದೇ ಇಲ್ಲಿ

ಎರಡು ಇಳಿಜಾರು ಕೂಡುವಲ್ಲಿ ಕವುಚಿ ಕೂತಿರುವ ನೆತ್ತಿ ಹಂಚಿನಿಂದ ಆರಂಭ. ಹಳೆ ಮನೆಗಳಲ್ಲಿ ಅದು ಸುಣ್ಣದ ಗಾರೆಯಲ್ಲಿ ಕೂತಿರುತ್ತದೆ. ಎರಡು ಪೆಟ್ಟಿಗೆ ಪುಡಿಯಾಗಿ ಬಿಡುತ್ತದೆ. ತೊಂದರೆ ಕೊಡುವುದು ಆಮೇಲೆ ಯಾರೋ ಮೆತ್ತಿದ ಸಿಮೆಂಟು. ಸಿಮೆಂಟು ಹಂಚಿಗಿಂತ ಗಟ್ಟಿ, ಹಾಗಾಗಿ ಪೆಟ್ಟು ಬಿದ್ದಾಗ ಮೊದಲು ಬಿರಿಯುವುದು ಹಂಚೇ.

ಕ್ರಮ ಹೀಗಿರಲಿ. ಗೋಡೆಯ ತ್ರಿಕೋನದ ತುದಿಯಿಂದ ಹೊರಡಿ, ನಡುವಿನಿಂದ ಬೇಡ. ಮೊದಲು ಒಂದು ನೆತ್ತಿ ಹಂಚಿಗೂ ಮುಂದಿನದಕ್ಕೂ ನಡುವಿನ ಬೆಸುಗೆ ಬಿಡಿಸಬೇಕು. ಇದನ್ನು ಬಿಟ್ಟು ಬದಿಯ ಗಾರೆಗೆ ಕೈ ಹಾಕುವವರೇ ಹೆಚ್ಚು. ಆಗ ಒಂದನ್ನು ಅಲುಗಿಸಿದರೆ ಪಕ್ಕದ್ದರ ತುಟಿ ಹಾರುತ್ತದೆ. ಬೆಸುಗೆ ಬಿಟ್ಟ ಮೇಲೆ ಎರಡೂ ಬದಿಯ ಗಾರೆಗೆ ಚಾಣ ಇಡಿ. ಚಾಣ ಹಂಚಿನ ಮೈಗೆ ಹೆಚ್ಚುಕಡಿಮೆ ಸಮಾನಾಂತರವಾಗಿ ಮಲಗಿರಬೇಕು, ಅದರ ಮೊನೆ ಗಾರೆಯ ನಡುವಿಗೆ ತಾಗಬೇಕು. ನೇರ ನಿಲ್ಲಿಸಿ ಹೊಡೆದರೆ ಪೆಟ್ಟು ಕೆಳಗಿನ ಹಂಚಿಗೆ ಇಳಿಯುತ್ತದೆ. ಸಣ್ಣ ಪೆಟ್ಟು, ಒಂದೆಡೆ ಎರಡು ಕೊಟ್ಟು ಎರಡು ಇಂಚು ಮುಂದೆ, ಮತ್ತೆ ಆ ಬದಿಗೆ. ಗಾರೆ ಬಿಟ್ಟುಕೊಂಡಾಗ ಪೆಟ್ಟಿನ ಸದ್ದು ಟೊಳ್ಳಾಗುತ್ತದೆ. ಆಮೇಲೆ ಎರಡೂ ಕೈಯಿಂದ ಹಂಚನ್ನು ಉದ್ದಕ್ಕೆ ಹಿಂದೆ ಮುಂದೆ ಅಲುಗಿಸಿ ಎತ್ತಿ. ಚಾಣವನ್ನು ಸನ್ನೆಯಂತೆ ಅಡಿಗೆ ತೂರಿಸಿ ಮೀಟಲೇಬಾರದು. ನೆತ್ತಿ ಹಂಚು ಮಧ್ಯದಲ್ಲಿ ಎರಡು ಹೋಳಾಗುವುದು ಯಾವಾಗಲೂ ಈ ಮೀಟಿನಿಂದಲೇ.

ಸಿಮೆಂಟು ಏನು ಮಾಡಿದರೂ ಬಿಡದಿದ್ದರೆ ಒಂದನ್ನು ಬಲಿ ಕೊಡಬೇಕಾಗುತ್ತದೆ. ಕೊಡುವುದಾದರೆ ನೆತ್ತಿ ಹಂಚು ಉಳಿಸಿ, ಅದರಡಿಯ ಮೊದಲ ಸಾಲಿನ ಹಂಚಿನ ತಲೆ ಹೋಗಲಿ. ಆ ಸಾಲಿನ ಮೇಲಂಚು ಹೇಗೂ ನೆತ್ತಿಯಡಿ ಮುಚ್ಚಿಹೋಗುತ್ತದೆ. ತುಸು ಚಕ್ಕೆ ಎದ್ದದ್ದನ್ನು ಅದೇ ಸಾಲಿಗೆ ಮತ್ತೆ ಬಳಸಬಹುದು. ಹಳೆ ಅಳತೆಯ ನೆತ್ತಿ ಹಂಚು ಹುಡುಕಿದರೂ ಸಿಗುವುದು ಕಷ್ಟ. ಗ್ರೈಂಡರ್ ಹಾಕಿ ಕೊಯ್ಯುವ ಅಡ್ಡದಾರಿ ನನಗೆ ಒಪ್ಪಿಗೆಯಿಲ್ಲ. ಇಳಿಜಾರಿನಲ್ಲಿ ನಿಂತು ಎರಡೂ ಕೈ ಯಂತ್ರಕ್ಕೆ ಕೊಟ್ಟರೆ ಹಿಡಿದುಕೊಳ್ಳಲು ಕೈ ಉಳಿಯುವುದಿಲ್ಲ. ನಡುಕಕ್ಕೆ ಸುತ್ತಲಿನ ಹಂಚಿನಲ್ಲಿ ಕಾಣದ ಬಿರುಕೂ ಬೀಳುತ್ತದೆ.

ಸಾಲು ಬಿಚ್ಚುವಾಗ

ಮೇಲಿನ ಸಾಲು ಕೆಳಗಿನದನ್ನು ಮುಚ್ಚಿರುವುದರಿಂದ ಮೇಲಿನಿಂದ ಕೆಳಕ್ಕೇ ಬರಬೇಕು. ಅಡ್ಡಕ್ಕೂ ಒಂದು ದಿಕ್ಕಿದೆ: ಯಾವ ಹಂಚಿನ ಅಂಚು ಪಕ್ಕದ್ದರ ಕಾಲುವೆಯ (ಬದಿಯಂಚಿನ ಉದ್ದ ತೋಡಿನ) ಮೇಲೆ ಕೂತಿದೆಯೋ ಆ ಕಡೆಯಿಂದ ಆರಂಭಿಸಿ. ಹಂಚಿನ ಬಾಲವನ್ನು (ಕೆಳತುದಿಯನ್ನು) ತುಸು ಎತ್ತಿ, ಹಂಚನ್ನು ಒಂದಿಂಚು ಮೇಲಕ್ಕೆ ನೂಕಿದರೆ ರೀಪಿಗೆ ಕಚ್ಚಿಕೊಂಡ ಅಡಿಯ ಹಲ್ಲು ಬಿಡುತ್ತದೆ. ಕೆಳಕ್ಕೆ ಎಳೆದರೆ ಹಲ್ಲು ಮುರಿಯುತ್ತದೆ. ಹಲ್ಲಿಲ್ಲದ ಹಂಚು ಮಾಡಿನ ಮೇಲೆ ನಿಲ್ಲುವುದಿಲ್ಲ. ಸೂರಿನ ಸಾಲನ್ನು ತಂತಿ ಕಟ್ಟಿ ಬಿಗಿದಿದ್ದರೆ ತಂತಿ ಕತ್ತರಿಸಿ, ಎಳೆಯಬೇಡಿ.

ಇನ್ನೊಂದು ಮಾತು ಎಲ್ಲರೂ ಮರೆಯುವಂಥದು. ಒಂದು ಬದಿಯ ಹಂಚು ಪೂರ್ತಿ ಇಳಿಸಿ ಆಮೇಲೆ ಇನ್ನೊಂದು ಬದಿಗೆ ಹೋಗಬಾರದು. ಎರಡೂ ಬದಿಯ ಪಕ್ಕಾಸುಗಳು ನೆತ್ತಿಯಲ್ಲಿ ಒಂದನ್ನೊಂದು ಒತ್ತಿ ನಿಂತಿವೆ. ಒಂದು ಬದಿ ಖಾಲಿಯಾದರೆ ಇನ್ನೊಂದು ಬದಿಯ ಒಂದೂಮುಕ್ಕಾಲು ಟನ್ ಭಾರ ನೆತ್ತಿಯ ಮರವನ್ನು ಖಾಲಿ ಕಡೆಗೆ ತಳ್ಳುತ್ತದೆ, ಮಣ್ಣಿನ ಗೋಡೆಯಾದರೆ ಗೋಡೆಯ ತಲೆಯನ್ನೂ ಹೊರಕ್ಕೆ ಒದೆಯುತ್ತದೆ. ಈ ಬದಿ ನಾಲ್ಕು ಸಾಲು, ಆ ಬದಿ ನಾಲ್ಕು ಸಾಲು, ಹೀಗೆ ಇಳಿಯಿರಿ. ಇಳಿಸಿದ್ದನ್ನು ಮಾಡಿನ ಮೇಲಾಗಲಿ ಅಟ್ಟದ ಮೇಲಾಗಲಿ ರಾಶಿ ಹಾಕಬೇಡಿ.

ಕಾಲಿಡುವುದು ಪಕ್ಕಾಸಿನ ಮೇಲೆ ರೀಪು ಹಾಯುವ ಜಾಗದಲ್ಲಿ ಮಾತ್ರ. ಎರಡು ಪಕ್ಕಾಸಿನ ನಡುವಿನ ರೀಪು ನೋಡಲು ಗಟ್ಟಿಯಾಗಿ ಕಂಡರೂ ಒಳಗೆ ಗೆದ್ದಲು ತಿಂದು ಸಿಪ್ಪೆಯಷ್ಟೇ ಉಳಿದಿರಬಹುದು. ಮೂರು ಪಕ್ಕಾಸಿಗೆ ತಾಗುವಂತೆ ಹಲಗೆ ಹಾಕಿಕೊಂಡರೆ ನಿಶ್ಚಿಂತೆ. ಹಂಚನ್ನು ಒಮ್ಮೆಗೆ ಎರಡರಂತೆ ಕೈಯಿಂದ ಕೈಗೆ ದಾಟಿಸಿ. ಹಲಗೆ ಇಟ್ಟು ಜಾರಿಬಿಟ್ಟರೆ ಬೇಗ ಮುಗಿಯುತ್ತದೆ, ನಿಜ. ಕೆಳಗೆ ತಲುಪುವಾಗ ಹಲ್ಲು, ಕಾಲುವೆಯ ಅಂಚು ಎರಡೂ ಹೋಗಿರುತ್ತವೆ.

ಕೆಲವು ಮನೆಗಳಲ್ಲಿ ಮೇಲಿನ ಹಂಚಿನಡಿ ಚಪ್ಪಟೆ ಸೀಲಿಂಗ್ ಹಂಚು ಇರುತ್ತದೆ. ಅದು ಸುಮ್ಮನೆ ಕೂತಿರುತ್ತದೆ, ಯಾವುದಕ್ಕೂ ಕಚ್ಚಿಕೊಂಡಿರುವುದಿಲ್ಲ. ಕಾಲು ತಾಗಿದರೆ ನೇರ ಕೋಣೆಯೊಳಗೆ. ಮೇಲಿನದು ಒಂದು ಗಜ ಬಿಚ್ಚಿದ ಕೂಡಲೇ ಅಡಿಯದ್ದನ್ನೂ ತೆಗೆದುಬಿಡಿ.

ಜಗಲಿಗೋ ಕೊಟ್ಟಿಗೆಗೋ ಹಳೆ ಸಿಮೆಂಟು ಶೀಟು ಹೊದಿಸಿದ್ದರೆ ಅದರಲ್ಲಿ ಆಸ್ಬೆಸ್ಟಾಸ್ ಇದೆಯೆಂದೇ ತಿಳಿಯಿರಿ. ಕೊಯ್ಯಬಾರದು, ಒಡೆಯಬಾರದು, ಉಜ್ಜಬಾರದು. ನೀರಿನಿಂದ ಒದ್ದೆ ಮಾಡಿ, ಬೋಲ್ಟು ಬಿಚ್ಚಿ, ಇಡಿಯಾಗಿ ಇಳಿಸಿ. ಅದರ ನಾರಿನ ದೂಳು ಶ್ವಾಸಕೋಶಕ್ಕೆ ಹೋದರೆ ಕ್ಯಾನ್ಸರ್ ತರುವಂಥದು.

ಆರಿಸುವುದು

ಇಳಿಸಿದ ಹಂಚನ್ನು ನೆಲದಲ್ಲಿ ಮಲಗಿಸಿ ಪೇರಿಸಬೇಡಿ. ಮರಳು ಅಥವಾ ಹಲಗೆಯ ಮೇಲೆ ಉದ್ದಂಚಿನಲ್ಲಿ ನಿಲ್ಲಿಸಿ, ಗೋಡೆಗೆ ಒರಗಿಸಿ, ನಾಲ್ಕು ಅಂತಸ್ತಿಗಿಂತ ಎತ್ತರ ಬೇಡ. ಎರಡು ದಿನ ಬಿಸಿಲು ಕಾಣಲಿ. ಹಸಿ ಹಂಚನ್ನು ತಟ್ಟಿ ನೋಡಿದರೆ ಒಳ್ಳೆಯದೂ ಮಂದವಾಗಿಯೇ ಸದ್ದು ಮಾಡುತ್ತದೆ. ಆ ತಪ್ಪಿನಿಂದ ಎಷ್ಟೋ ಗಟ್ಟಿ ಹಂಚು ತಿಪ್ಪೆ ಸೇರಿವೆ.

ಒಣಗಿದ ಮೇಲೆ ಎರಡು ಬೆರಳಿನಲ್ಲಿ ತೂಗುಹಾಕಿ ಹಿಡಿದು ಗೆಣ್ಣಿನಿಂದ ತಟ್ಟಿ. ‘ಠಣ್’ ಎಂದರೆ ಇನ್ನೂ ಬಾಳುತ್ತದೆ. ‘ಡಬ್’ ಎಂದರೆ ಎಲ್ಲೋ ಬಿರುಕಿದೆ. ಹಲ್ಲು ಮುರಿದದ್ದು, ಕಾಲುವೆಯ ಅಂಚು ಹೋದದ್ದು, ಉಗುರಿಗೆ ಪುಡಿ ಉದುರುವುದು, ಸಮ ನೆಲದಲ್ಲಿ ಇಟ್ಟಾಗ ಗಡಗಡ ಆಡುವುದು, ಎಲ್ಲ ಹೊರಗೆ. ಪಾಚಿಯನ್ನು ಒಣಗಿದಾಗ ನಾರಿನ ಬ್ರಶ್ಶಿನಿಂದ ಉಜ್ಜಿ. ತಂತಿ ಬ್ರಶ್ಶು, ಪ್ರೆಶರ್ ವಾಷರ್ ಎರಡೂ ಸುಟ್ಟ ಮೇಲ್ಮೈಯನ್ನು ಕೆರೆದು ತೆಗೆಯುತ್ತವೆ, ಮುಂದಿನ ವರ್ಷ ಪಾಚಿ ಇಮ್ಮಡಿ. ‘ಸೋರಿಕೆ ನಿಲ್ಲಿಸುವ’ ಬಣ್ಣದ ಡಬ್ಬಗಳ ಗೊಡವೆಗೂ ಹೋಗಬೇಡಿ. ಬಣ್ಣ ಬಿರುಕು ಮುಚ್ಚುವುದಿಲ್ಲ, ಕೆಟ್ಟ ಹಂಚು ಒಳ್ಳೆಯದರಂತೆ ಕಾಣುವ ಹಾಗೆ ಮಾಡುತ್ತದೆ ಅಷ್ಟೇ.

ಹಂಚಿನ ಅಡಿಯಲ್ಲಿ ಕಾರ್ಖಾನೆಯ ಅಚ್ಚು ಇರುತ್ತದೆ. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಎಷ್ಟೋ ಕಾರ್ಖಾನೆಗಳು ಬಂದವು, ಒಬ್ಬೊಬ್ಬರ ಅಚ್ಚಿನ ಅಳತೆಯೂ ಚೂರು ಬೇರೆ. ಒಂದು ಅಚ್ಚಿನದು ಇನ್ನೊಂದರ ಕಾಲುವೆಯಲ್ಲಿ ಸರಿಯಾಗಿ ಕೂರುವುದಿಲ್ಲ, ಆ ಸಂದಿನಲ್ಲೇ ನೀರು ನುಗ್ಗುತ್ತದೆ. ಅಚ್ಚಿನ ಪ್ರಕಾರ ಬೇರೆ ಬೇರೆ ರಾಶಿ ಮಾಡಿ. ಹೊಸ ಹಂಚು ಸೇರಿಸುವುದಾದರೆ ಅಲ್ಲೊಂದು ಇಲ್ಲೊಂದು ತೂರಿಸದೆ, ಒಂದು ಇಳಿಜಾರಿಗೆ ಪೂರ್ತಿ ಹೊಸದು, ಇನ್ನೊಂದಕ್ಕೆ ಪೂರ್ತಿ ಹಳೆಯದು ಹಾಕಿ. ಮುಂಗಾರಿನ ಗಾಳಿ ಬಡಿಯುವ ಪಶ್ಚಿಮ, ನೈಋತ್ಯದ ಬದಿಗೆ ಹೊಸದಿರಲಿ.

ರೀಪು, ಪಕ್ಕಾಸು

ಬಯಲಾದ ಮರಮಟ್ಟನ್ನು ಸ್ಕ್ರೂಡ್ರೈವರಿನಿಂದ ಚುಚ್ಚುತ್ತ ಹೋಗಿ, ಅದರಲ್ಲೂ ಗೋಡೆಯ ಮೇಲೆ ಕೂತ ತುದಿಗಳನ್ನು. ಮೊನೆ ಸಲೀಸಾಗಿ ಇಳಿದರೆ ಅದು ಬದಲಾಗಬೇಕು. ಹಿಟ್ಟಿನಂಥ ಪುಡಿ ಕಂಡರೆ ಕುಟ್ಟೆ ಹುಳು, ಮಣ್ಣಿನ ಗೆರೆ ಕಂಡರೆ ಗೆದ್ದಲು. ರೀಪುಗಳಲ್ಲಿ ಕಾಲುಭಾಗ ಹೋಗಿದ್ದರೂ ಎಲ್ಲವನ್ನೂ ಬದಲಿಸುವುದೇ ಮೇಲು. ಹಳೆ ಮೊಳೆ ಒಂದೂ ಉಳಿಯದಂತೆ ಕಿತ್ತುಹಾಕಿ. ಹುರಿ ಎಳೆದು ನೋಡಿ, ಜಗ್ಗಿದ ಪಕ್ಕಾಸಿಗೆ ಆಚಾರಿ ಪಟ್ಟಿ ಕೊಟ್ಟು ಸಮ ಮಾಡಲಿ.

ರೀಪಿನ ಅಂತರವನ್ನು ಹಳೆ ಮೊಳೆ ತೂತು ನೋಡಿ ಹಾಕಬೇಡಿ, ಹಾಕುವ ಹಂಚನ್ನೇ ಅಳೆಯಿರಿ. 11 ಹಂಚುಗಳನ್ನು ನೆಲದಲ್ಲಿ ಕವುಚಿ, ಒಂದಕ್ಕೊಂದು ಕಚ್ಚಿಸಿ ಒಂದೇ ಸಾಲಾಗಿ ಜೋಡಿಸಿ. ಪೂರ್ತಿ ಎಳೆದಾಗ ಮೊದಲ ಹಂಚಿನ ಹಲ್ಲಿನಿಂದ ಹನ್ನೊಂದನೆಯದರ ಹಲ್ಲಿಗೆ ಎಷ್ಟು, ಪೂರ್ತಿ ಒತ್ತಿದಾಗ ಎಷ್ಟು ಎಂದು ಬರೆದುಕೊಳ್ಳಿ. 127 ಮತ್ತು 123 ಇಂಚು ಬಂದರೆ ಸರಾಸರಿ 125, ಹತ್ತರಿಂದ ಭಾಗಿಸಿದರೆ ರೀಪಿನ ಅಂತರ ಹನ್ನೆರಡೂವರೆ ಇಂಚು. ಆ ಉದ್ದದ ಎರಡು ಕೋಲು ಕೊಯ್ದಿಟ್ಟುಕೊಂಡರೆ ಪ್ರತಿ ಸಲ ಟೇಪು ಹಿಡಿಯುವ ಕೆಲಸವಿಲ್ಲ. ಸೂರಿನ ಕೊನೆಯ ರೀಪು ಮಾತ್ರ ಉಳಿದವುಗಳಿಗಿಂತ ಒಂದು ಹಂಚಿನ ದಪ್ಪದಷ್ಟು ಎತ್ತರ ಇರಬೇಕು. ಮೇಲಿನ ಸಾಲುಗಳ ಬಾಲ ಕೆಳಗಿನ ಹಂಚಿನ ಮೇಲೆ ಕೂರುತ್ತದೆ, ಮೊದಲ ಸಾಲಿಗೆ ಆ ಆಸರೆ ಇಲ್ಲ. ಎತ್ತರ ಕೊಡದಿದ್ದರೆ ಅದು ಮೂಗು ತಗ್ಗಿಸಿ ಎರಡನೆಯ ಸಾಲಿನಡಿ ಬಾಯಿ ಬಿಡುತ್ತದೆ.

ರಾತ್ರಿ ಟಾರ್ಪಾಲನ್ನು ನೆತ್ತಿಯ ಮೇಲಿಂದ ಎರಡೂ ಬದಿಗೆ ಇಳಿಬಿಟ್ಟು ಪಕ್ಕಾಸಿಗೆ ಕಟ್ಟಿ. ಗಾಳಿಗೆ ಹಾರದಿರಲೆಂದು ಮೇಲೆ ಹಂಚು, ಕಲ್ಲು ಹೇರಿದರೆ ಬೆಳಗಾಗುವುದರೊಳಗೆ ಅವು ಒಳಗೆ ಬಿದ್ದಿರುತ್ತವೆ.